ಕಾರಿಗೆ ನೀರು ಹಾಕುವವರು

ಎಲ್ಲೋ ಯಾರಿಗೋ ಆದದ್ದಲ್ಲ ಇದು. ಪಕ್ಕದ ಮನೆಯ ಬೋಲ್ಟಣ್ಣನಿಗೆ ಆದದ್ದು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಕಾರು ರಿಪೇರಿಯವನಾದ್ದರಿಂದ ಬೀದಿಗೆಲ್ಲ ಬೋಲ್ಟಣ್ಣ. ಮಕ್ಕಳು ಮಲಗಿದ್ದರೆ ಹೇಳಬಹುದು...

ಒಂದು ರಾತ್ರಿ ಅವನು ಅಕ್ಕನ ಮನೆಯಿಂದ ನಡೆದು ಬರುತ್ತಿದ್ದ. ದಾರಿಯ ತಿರುವಿನಲ್ಲಿ ಒಂದು ಹಳೇ ಬಾವಿ. ಕಟ್ಟೆಯ ಒಂದು ಬದಿ ಕುಸಿದು ವರ್ಷಗಳಾಗಿದ್ದವು. ಈಗ ಬಾಯಿಗೆ ಹಲಗೆ ಹೊಡೆದಿದ್ದಾರೆ. ಅವನ ಭಾವ, ಆ ಅಕ್ಕನ ಗಂಡ, ಅದರಲ್ಲಿ ಬಿದ್ದು ಸತ್ತ ಮೇಲೆ ಹೊಡೆದದ್ದು. ಜೀವ ಹೋಗದೆ ಹಲಗೆ ಬರುವುದಿಲ್ಲ, ಲೋಕವೇ ಹಾಗೆ.

ತಲೆ ತಗ್ಗಿಸಿ ದಾಟುತ್ತಿದ್ದ. ಹಲಗೆಯ ಕೆಳಗಿಂದ ಸದ್ದು ಬಂತು.

ಬುಳುಕ್... ಬುಳುಕ್... ಬುಳುಕ್...

ಕಪ್ಪೆಯಲ್ಲ. ಮೀನಲ್ಲ. ಖಾಲಿ ಕ್ಯಾನನ್ನು ನೀರಿನೊಳಗೆ ಅದುಮಿ ತುಂಬಿಸುವ ಸದ್ದು. ದಿನಾ ಗ್ಯಾರೇಜಿನ ತೊಟ್ಟಿಯಲ್ಲಿ ತುಂಬಿಸುವವನಿಗೆ ಅದು ಗೊತ್ತಾಗದೇ? ನಿಂತ. ಸದ್ದೂ ನಿಂತಿತು. ಹೆಜ್ಜೆ ಇಟ್ಟ. ಮತ್ತೆ... ಬುಳುಕ್.

ಮನೆ ಮುಟ್ಟುವವರೆಗೆ ಅವನು ಹಿಂದೆ ತಿರುಗಲಿಲ್ಲ.

ಭಾವ ಬಾವಿಗೆ ಹೋದದ್ದು ಯಾಕೆ ಅಂತ ಹೇಳಬೇಕಲ್ಲ. ಭಾವನಿಗೆ ಔಷಧಿ ಅಂಗಡಿ ಇತ್ತು. ಚೀಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಕೊಡುವ ಮನುಷ್ಯ. ಯಾರು ಏನು ಹೇಳಿದರೂ ಅಕ್ಷರ ತಪ್ಪದೆ ಮಾಡುತ್ತಿದ್ದರು. ಆಸೆಪಟ್ಟು ಒಂದು ಟರ್ಬೊ ಕಾರು ತಗೊಂಡರು, ಸೆಕೆಂಡ್ ಹ್ಯಾಂಡು. ಟರ್ಬೊ ಎಂದರೆ ಇಂಜಿನ್ನಿಗೆ ಗಾಳಿ ಊದುವ ಚಕ್ರ, ಕೆಂಡದ ಹಾಗೆ ಕಾಯುತ್ತದೆ. ಅದನ್ನು ತಣಿಸುವುದಕ್ಕೆ ಹಸಿರು ಕೂಲೆಂಟ್ ಹರಿಯುವ ಸಣ್ಣ ಪೈಪು. ಪೈಪು ಕೂಡುವಲ್ಲಿ ತಾಮ್ರದ ವಾಷರು. ಬಿಚ್ಚಿದಾಗಲೆಲ್ಲ ಅದನ್ನು ಹೊಸದು ಹಾಕಬೇಕು, ಇಲ್ಲದಿದ್ದರೆ ಸೋರುತ್ತದೆ.

ಗಿರಾಕಿಗಳ ಗಾಡಿಗೆ ಬೋಲ್ಟಣ್ಣ ಹೊಸದೇ ಹಾಕುತ್ತಿದ್ದ. ಭಾವನ ಕಾರಿಗೆ ಹಳೆಯದನ್ನೇ ಮಗುಚಿ ಹಾಕಿದ. ಮನೆಯವರದ್ದು ತಾನೆ, ಆಮೇಲೆ ನೋಡಿದರಾಯಿತು ಎಂದು. ಊರಿಗೆ ಉಪಕಾರಿ, ಮನೆಗೆ ಮಾರಿ.

ಸೋರತೊಡಗಿತು. ಭಾವ ಗ್ಯಾರೇಜಿಗೆ ಬಂದರು.

“ಇಂಜಿನಿಯರ್ ಸಾಹೇಬ್ರೇ, ಕೂಲೆಂಟ್ ಮತ್ತೆ ಇಳಿದಿದೆಯಲ್ಲ.” ಅವನನ್ನು ಹಾಗೆ ಕರೆದು ಕಾಡಿಸುತ್ತಿದ್ದವರು ಭಾವ ಒಬ್ಬರೇ.

“ಏನಾಗಲ್ಲ ಭಾವ. ಸ್ವಲ್ಪ ದಿನ ನೀರು ಹಾಕ್ಕೊಂಡು ಓಡಿಸಿ. ಕಾದ್ರೆ ನಿಲ್ಲಿಸಿ, ಆರಿದ ಮೇಲೆ ತುಂಬಿಸಿ.”

ಹೇಳಿದಂತೆಯೇ ಮಾಡಿದರು ಪಾಪ. ಬಾವಿಯ ತಿರುವಿನಲ್ಲಿ ಕಾರು ಕಾಯಿತು. ನಿಲ್ಲಿಸಿದರು. ಕ್ಯಾನು ಹಿಡಿದು ಕತ್ತಲಲ್ಲಿ ನೀರಿಗೆ ಹೋದರು... ಬೆಳಿಗ್ಗೆ ಜನ ನೋಡುವಾಗ ಕಾರಿನ ಬಾನೆಟ್ ಎತ್ತಿಯೇ ಇತ್ತು.

ಕರ್ಮವೆಲ್ಲ ಮುಗಿದ ಮೇಲೆ ಅಕ್ಕ ಕೇಳಿದ್ದು ಒಂದೇ ಮಾತು. “ಎಲ್ಲಿಂದ ಸೋರ್ತಿತ್ತೋ?”

ಆ ಅಕ್ಕ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಅವನಿಗೆ ಅಂತ ಉಳಿದದ್ದೂ ಅವಳೊಬ್ಬಳೇ. ನಿಜ ಹೇಳಿದರೆ ಅವಳೂ ಇರುವುದಿಲ್ಲ ಎಂದು ಗೊತ್ತಿತ್ತು.

“ಕೂಲೆಂಟ್ ಡಬ್ಬಿ ಮುಚ್ಚಳ ಅಕ್ಕ. ಕಂಪನಿಯಿಂದಲೇ ಸರಿ ಇರಲಿಲ್ಲ,” ಅಂದ.

ಸದ್ದಿಲ್ಲದೆ ಹೊಸ ವಾಷರು ಹಾಕಿದ. ಪಂಪು ಹಚ್ಚಿ ಒತ್ತಡ ಕೊಟ್ಟು ನೋಡಿದ, ಮೀಟರಿನ ಮುಳ್ಳು ಇಳಿಯಲಿಲ್ಲ, ಎಂದರೆ ಎಲ್ಲೂ ಸೋರಿಕೆ ಇಲ್ಲ. ಆದರೂ ಅಕ್ಕ ಕಾರಿನಲ್ಲಿ ಔಷಧಿ ಅಂಗಡಿಗೆ ಹೋಗಿ ಬಂದರೆ ಅದರಡಿ ನೀರಿನ ಮಡು. ಹೋಸು ಬದಲಿಸಿದ. ನೀರಿನ ಪಂಪು ಬದಲಿಸಿದ. ನೀರು ಇಂಜಿನ್ನಿನೊಳಗೆ ಇಳಿಯುತ್ತಿದೆಯೋ ಎಂದು ಹೊಗೆ ನೋಡಿದ, ಬೆಳ್ಳಗಿಲ್ಲ. ಆಯಿಲ್ ನೋಡಿದ, ನೀರು ಬೆರೆತಿಲ್ಲ. ಮಡು ಮಾತ್ರ ತಪ್ಪಲಿಲ್ಲ.

ಬಾವಿಯ ಸದ್ದು ಕೇಳಿದ ಮಾರನೆಯ ದಿನ ಹೋಗಿ ಕೂಲೆಂಟ್ ಡಬ್ಬಿಯ ಮುಚ್ಚಳ ತೆಗೆದ. ಕಂಠದವರೆಗೆ ತುಂಬಿತ್ತು. ಹಸಿರು ತೆಳ್ಳಗಾಗಿ ಮಜ್ಜಿಗೆ ನೀರಿನ ಹಾಗಿತ್ತು. ಆಗ ಹೊಳೆಯಿತು. ಕಾರು ಸೋರುತ್ತಿಲ್ಲ. ಅಳತೆ ಮೀರಿ ತುಂಬಿದ್ದರಿಂದ ಕಾದಾಗ ಉಬ್ಬಿ ಚೆಲ್ಲುತ್ತಿದೆ.

“ಅಕ್ಕ, ನೀರು ಹಾಕಬೇಡ ಅಂದಿದ್ನಲ್ಲ?”

“ನಾನೆಲ್ಲಿ ಹಾಕಿದೆ? ಆ ಬಾನೆಟ್ ಯಾವ ಕಡೆಯಿಂದ ಏಳುತ್ತೆ ಅಂತಲೂ ನನಗೆ ಗೊತ್ತಿಲ್ಲ.”

“ಮತ್ಯಾರು ಹಾಕ್ತಾರೆ?”

“ಕಾರು ನಿಲ್ಲೋ ಶೆಡ್ಡಿನ ಬೀಗದ ಕೈ ನನ್ನ ಸೆರಗಲ್ಲಿರುತ್ತೆ. ನೀನೇ ಹೇಳು, ನೀನಲ್ವಾ ಬುದ್ಧಿವಂತ.”

ಯಾರೋ ಕಿಡಿಗೇಡಿ ಇರಬೇಕು, ಹಿಡಿದೇ ಬಿಡೋಣ ಎಂದು ಆ ರಾತ್ರಿ ಶೆಡ್ಡಿನೊಳಗೇ ಕೂತ. ಶಟರ್‌ಗೆ ಒಳಗಿನಿಂದ ಅಕ್ಕನೇ ಬೀಗ ಹಾಕಿ, ಶೆಡ್ಡಿನಿಂದ ಮನೆಗಿರುವ ಬಾಗಿಲಲ್ಲಿ ಹೋಗಿ ಮಲಗಿದಳು. ದೀಪ ಆರಿಸಿದ. ಕೈಯಲ್ಲಿ ದಪ್ಪದೊಂದು ಸ್ಪ್ಯಾನರ್.

ಇಂಜಿನ್ ಆರುತ್ತಿತ್ತು. ಟಿಕ್... ಟಿಕ್... ಅದೂ ನಿಂತಿತು.

ಎಷ್ಟು ಹೊತ್ತಾಯಿತೋ. ಪಚ್... ಪಚ್... ಒದ್ದೆ ಚಪ್ಪಲಿ. ಶಟರ್ ಏಳಲಿಲ್ಲ, ಬೀಗ ಅಲುಗಲಿಲ್ಲ. ಹೆಜ್ಜೆ ಮಾತ್ರ ಒಳಗೆ ಬಂತು. ಅವನ ಮೊಣಕಾಲ ಪಕ್ಕದಲ್ಲೇ ಹಾದು ಹೋಯಿತು. ಪಾಚಿಯ ವಾಸನೆ.

ಟಕ್. ಬಾನೆಟ್. ಕರಕರ... ಮುಚ್ಚಳ ತಿರುಗುವುದು. ಆಮೇಲೆ ಗಳಗಳಗಳ... ನಿಧಾನವಾಗಿ, ಒಂದು ಹನಿ ಆಚೆ ಚೆಲ್ಲದ ಹಾಗೆ, ಔಷಧಿ ಅಳೆದು ಹಾಕುವವರ ಹಾಗೆ.

ಸ್ಪ್ಯಾನರ್ ಎತ್ತುವುದಿರಲಿ, ಉಸಿರೂ ಎತ್ತಲಾಗಲಿಲ್ಲ ಅವನಿಗೆ.

ಕಿವಿಯ ಹತ್ತಿರವೇ ಪಿಸುಮಾತು ಬಂತು. ಕೋಪವಿಲ್ಲ. ಕೇಳಿ ತಿಳಿದುಕೊಳ್ಳುವ ದನಿ.

“ಸಾಕಾ... ಇಂಜಿನಿಯರ್ ಸಾಹೇಬ್ರೇ?”

ಅವನು ಸ್ಪ್ಯಾನರನ್ನು ಮೆಲ್ಲಗೆ ನೆಲಕ್ಕಿಟ್ಟ.

“ಇನ್ನೂ ಬೇಕಾ?”

“ಸಾಕು ಭಾವ...” ಅಂದ. ಅಳು ಒತ್ತರಿಸಿ ಬಂತು. “ಸಾಕು. ಮುಚ್ಚಳದ್ದೇನೂ ತಪ್ಪಿಲ್ಲ. ವಾಷರ್ ನಾನೇ... ಹಳೇದನ್ನೇ ಹಾಕಿದ್ದೆ. ನೀವಿನ್ನು ನೀರಿಗೆ ಹೋಗಬೇಡಿ.”

ದೀಪ ಹತ್ತಿತು.

ಕಾರಿನ ಹತ್ತಿರ ಯಾರೂ ಇಲ್ಲ. ಬಾನೆಟ್ ಮುಚ್ಚಿತ್ತು. ಮನೆಯ ಕಡೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಒಂದು ಕೈ ಸ್ವಿಚ್ಚಿನ ಮೇಲೆ.

“ಅವರು ಕೇಳಿದ್ರೆ ಹೇಳ್ತೀಯ,” ಅಂದಳು. “ನಾನು ಕೇಳಿದ್ರೆ ಮುಚ್ಚಳ.”

“ಅಕ್ಕ...”

“ಸತ್ತವರಿಗೆ ಕೊಟ್ಟ ಮರ್ಯಾದೆ ಬದುಕಿದವಳಿಗೆ ಕೊಡಲಿಲ್ಲವಲ್ಲೋ.”

“ನೀನೂ ಹೋಗಿಬಿಡ್ತೀಯ ಅಂತ ಹೆದರಿದೆ ಅಕ್ಕ.”

“ಹೋದೆ ಅಂತಲೇ ತಿಳ್ಕೋ.” ಸೆರಗಿನಿಂದ ಬೀಗದ ಕೈ ಬಿಚ್ಚಿ ಶಟರನ್ನು ತಾನೇ ಎತ್ತಿದಳು. “ನಡಿ.”

ಆಮೇಲೆ ಆ ಕಾರು ಒಂದು ತೊಟ್ಟೂ ಚೆಲ್ಲಲಿಲ್ಲ. ಈಗ ಬೇರೆ ಗ್ಯಾರೇಜಿಗೆ ಹೋಗುತ್ತದೆ. ಬೋಲ್ಟಣ್ಣನ ಗ್ಯಾರೇಜಿನ ಮುಂದೆಯೇ ಹಾದು ಹೋಗುತ್ತಾಳೆ ಅಕ್ಕ, ಕತ್ತು ತಿರುಗಿಸುವುದಿಲ್ಲ. ಇವನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತಾನೆ. ಕಾರು ಮರೆಯಾದ ಮೇಲೆ ಕೂರುತ್ತಾನೆ. ದಿನಾ ಅದೇ.

ಆ ಬಾವಿಯ ದಾರಿಯಲ್ಲಿ ನಡೆಯಲಾರದೆ ಒಂದು ಹಳೇ ಸ್ಕೂಟರ್ ತಗೊಂಡಿದ್ದಾನೆ. ರಾತ್ರಿ ನಮ್ಮ ಗೇಟಿನ ಪಕ್ಕ ನಿಲ್ಲಿಸುತ್ತಾನೆ. ಬೆಳಿಗ್ಗೆ ಹಾಲಿಗೆ ಹೋಗುವಾಗ ನೋಡಿ, ಅದರಡಿ ನೆಲ ಒದ್ದೆ. ಪೆಟ್ರೋಲಲ್ಲ, ಆಯಿಲಲ್ಲ, ಬರೀ ನೀರು. ಬೇಸಿಗೆಯಲ್ಲೂ ಇರುತ್ತದೆ. ಸುಳ್ಳು ಹೇಳಿ ನನಗೆ ಆಗಬೇಕಾದದ್ದು ಏನೂ ಇಲ್ಲ, ದಿನಾ ನಾನು ಅದನ್ನು ದಾಟಿಕೊಂಡೇ ಹೋಗುವುದು. ಆ ಸ್ಕೂಟರು ಓಡುವುದು ಗಾಳಿಗೇ ತಣಿದುಕೊಂಡು. ನೀರು ಹಾಕುವುದಕ್ಕೆ ಅದರಲ್ಲಿ ಜಾಗವೇ ಇಲ್ಲ.