ಗೋಡೆಯ ಮೇಲಿನ ಅಮ್ಮನ ಕಣ್ಣು

ವೇದಿಕೆಯಲ್ಲಿರುವ ಅಧ್ಯಕ್ಷರಾದ ಭರತರಾಜರೇ, ನಮ್ಮ ಮುಖ್ಯೋಪಾಧ್ಯಾಯಿನಿ ಶಬ್ನಾ ಮೇಡಂ ಅವರೇ, ಬೆಳುವಾಯಿಯ ಈ ಬಿಸಿಲಿನಲ್ಲೂ ವಾರ್ಷಿಕೋತ್ಸವಕ್ಕೆ ನಗುನಗುತ್ತಾ ಬಂದಿರುವ ಪೋಷಕರೇ, ಸಭಿಕರೇ,

ನಾನು ಬ್ರಾಹ್ಮಿ. ಜೂನ್ ತಿಂಗಳಿನಿಂದ ಎಲ್‌ಕೆಜಿ ಟೀಚರ್. ಎರಡು ತಿಂಗಳಿನಿಂದ, ಮೂರನೆಯ ಸಾಲಿನಲ್ಲಿ ತಲೆತಗ್ಗಿಸಿ ಕುಳಿತಿರುವ ಆದೀಶರ ಹೆಂಡತಿ. ಎರಡನೆಯ ಕೆಲಸದಲ್ಲೇ ಖುಷಿ ಜಾಸ್ತಿ, ಮೇಡಂ ಕ್ಷಮಿಸಬೇಕು! ನಾನು ಓದಿದ ಶಾಲೆಯಲ್ಲಿ ಕನ್ನಡ ಮಾತನಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇಂದು ಕನ್ನಡ ಮಾತನಾಡಲೆಂದೇ ವೇದಿಕೆಯ ಮೇಲೆ ನಿಲ್ಲಿಸಿದ್ದಾರೆ.

ಮಕ್ಕಳಿರುವ ಮನೆಯ ಗೋಡೆಯಲ್ಲಿ ಕುಟುಂಬದ ಫೋಟೋ ಏಕೆ ಇರಬೇಕು? ಇದು ನನಗೆ ಕೊಟ್ಟ ವಿಷಯ. ಮನೆಯಿಂದ ಒಂದು ಫೋಟೋ ತನ್ನಿ ಎಂದು ನನ್ನ ಮೂವತ್ತೊಂದು ಮಕ್ಕಳಿಗೆ ಹೇಳಿದ್ದೆ. ತಂದವರು ಒಂಬತ್ತು ಮಂದಿ. ಉಳಿದವರದ್ದು ಒಂದೇ ಉತ್ತರ: "ಪಪ್ಪನ ಮೊಬೈಲಲ್ಲಿ ಉಂಟು ಟೀಚರ್." ಪುಟ್ಟ ರಶೀನಾ ಮಾತ್ರ ಫ್ರೇಮನ್ನೇ ಎತ್ತಿಕೊಂಡು ಬಂದಳು. ಅಜ್ಜನ ಕಿವಿಯ ಮೇಲೆ ಬೆರಳಿಟ್ಟು ತನ್ನ ಕಿವಿ ಮುಟ್ಟಿಕೊಂಡಳು. "ಸೇಮ್ ಟೀಚರ್!" ತಾನು ಯಾರವಳೆಂದು ಆ ಮಗುವಿಗೆ ಇನ್ನು ಯಾರು ಹೇಳಿಕೊಡಬೇಕು?

ಬಂಟ್ವಾಳದ ನನ್ನ ತವರಿನಲ್ಲಿ ಬದುಕಿರುವವರ ಫೋಟೋ ಹಾಕುವ ಕ್ರಮವಿರಲಿಲ್ಲ. ಗೋಡೆಯೆಂದರೆ ಗಂಧದ ಹಾರದವರಿಗೆ. "ಜೀವ ಇರುವವರನ್ನು ಮೊಳೆಗೆ ತೂಗುಹಾಕಬೇಡಿ, ಆಯುಸ್ಸು ಕಡಿಮೆಯಾಗ್ತದೆ" ಎನ್ನುತ್ತಿದ್ದರು ಅಜ್ಜಿ. ಮದುವೆಯ ಆಲ್ಬಂ ಟ್ರಂಕಿನ ತಳದಲ್ಲಿ ಬೂಷ್ಟು ಹಿಡಿದು, ಹಾಳೆಗೆ ಹಾಳೆ ಅಂಟಿ ಹೋಯಿತು. ಗೋಡೆಯಿಂದ ಅಷ್ಟು ಕಾಪಾಡಿದರೂ ನನ್ನ ಅಮ್ಮ ಅನಂತಮತಿ ಇಪ್ಪತ್ತೇಳಕ್ಕೇ ಜ್ವರದಲ್ಲಿ ಹೋದರು. ನನಗಾಗ ಐದು ವರ್ಷ. ಆಮೇಲೆ ಗೋಡೆಗೆ ಬಂದರು.

ನಾನು ಬೆಳೆದದ್ದು ಆ ಫೋಟೋದ ಕೆಳಗೆ. ಶಶಿಪ್ರಭಾ ದೊಡ್ಡಮ್ಮ ಎಣ್ಣೆ ಹಚ್ಚುವಾಗೆಲ್ಲ "ಕಣ್ಣು ನಿನ್ನ ಅಮ್ಮಂದೇ ಮಗಾ" ಎನ್ನುತ್ತಿದ್ದರು. ಸ್ಟೂಲು ಹತ್ತಿ, ಕನ್ನಡಿ ಹಿಡಿದು ನಾನೇ ಹೋಲಿಸಿ ನೋಡುತ್ತಿದ್ದೆ. ಹೆಣ್ಣು ನೋಡಲು ಬಂದ ಆದೀಶರೂ ಮೊದಲು ನೋಡಿದ್ದು ಫೋಟೋವನ್ನೇ. "ಕಣ್ಣು ಥೇಟ್ ಅತ್ತೆಯದ್ದು" ಎಂದುಬಿಟ್ಟರು. ಇನ್ನೂ ಒಪ್ಪಿಗೆಯೇ ಆಗಿಲ್ಲ, ಆಗಲೇ ಅತ್ತೆ!

ಕಳೆದ ತಿಂಗಳು, ನಮ್ಮ ಮನೆಗೂ ಒಂದು ಪ್ರತಿ ಇರಲೆಂದು, ಅಮ್ಮನ ಫೋಟೋ ಇಳಿಸಿಕೊಂಡು, ಅದನ್ನು ಮಾಡಿಕೊಟ್ಟಿದ್ದ ಧರ್ಣಪ್ಪಣ್ಣನ ಬಿ.ಸಿ.ರೋಡಿನ ಸ್ಟುಡಿಯೋಗೆ ಹೋದೆವು. ಅವರು ಗಾಜು ಒರೆಸಿ, "ಕಣ್ಣು ನೋಡಿ, ಎಷ್ಟು ಚಂದ ಬಿಡಿಸಿದ್ದೇನೆ!" ಎಂದರು.

"ಬಿಡಿಸಿದ್ದಾ?"

"ಮತ್ತೆ? ಸಿಕ್ಕಿದ್ದು ಒಂದೇ ಗ್ರೂಪ್ ಫೋಟೋ. ಫ್ಲ್ಯಾಶಿಗೆ ನಿನ್ನ ಅಮ್ಮ ಕಣ್ಣು ಮುಚ್ಚಿದ್ದರು. ಅದಕ್ಕೆ ಹಾರ ಹಾಕ್ಲಿಕ್ಕೆ ಆಗ್ತದಾ ಮಾರಾಯ್ತಿ?"

"ಯಾರ ಕಣ್ಣು ನೋಡಿ ಬಿಡಿಸಿದ್ದು?"

"ಯಾರದ್ದೂ ಅಲ್ಲ. ನನ್ನದೊಂದು ಅಳತೆ ಉಂಟು, ಕಣ್ಣು ಮುಚ್ಚಿದವರಿಗೆಲ್ಲ ಅದೇ. ಬಂಟ್ವಾಳದಲ್ಲಿ ಹದಿನೈದಿಪ್ಪತ್ತು ಮನೆಯಲ್ಲಿ ಉಂಟು."

ಅವರಿಗೆ ಹೆಮ್ಮೆ. ಕೆಟ್ಟ ಮನುಷ್ಯರಲ್ಲ. "ಚಂದ ಉಂಟಲ್ಲ, ಬಿಡು" ಎಂದರು ನಮ್ಮವರು. ಅವರೂ ಕೆಟ್ಟವರಲ್ಲ. ಆದರೆ ಬಿಡುವುದು ಹೇಗೆ, ಸಭಿಕರೇ?

ನೇರ ದೊಡ್ಡಮ್ಮನ ಬಳಿಗೆ ಓಡಿದೆ. "ಅಮ್ಮನ ಕಣ್ಣು ನಿಜವಾಗಿ ಹೇಗಿತ್ತು?" ಅವರು ಅಭ್ಯಾಸಬಲದಿಂದ ಗೋಡೆಯತ್ತ ನೋಡಿದರು. "ಹಾಗೆ ಕೇಳಿದರೆ... ನನಗೂ ಈಗ ಫೋಟೋದ್ದೇ ನೆನಪು ಮಗಾ." ಅಪ್ಪನನ್ನು ಕೇಳಿದೆ. ಅಪ್ಪ ಎದ್ದು ಅಂಗಳಕ್ಕೆ ಹೋದರು. ಹದಿನೇಳು ವರ್ಷ ಆ ಕಣ್ಣನ್ನೇ ನೋಡಿ ನೋಡಿ, ಎಲ್ಲರೂ ನಿಜವಾದದ್ದನ್ನು ಮರೆತಿದ್ದಾರೆ. ಅಜ್ಜಿಯೂ ಇಲ್ಲ. ಇನ್ನು ಯಾರನ್ನು ಕೇಳಲಿ?

ಕ್ಷಮಿಸಿ, ವಿಷಯಕ್ಕೆ ಬರುತ್ತೇನೆ. ಪೋಷಕರೇ, ಇದೇ ವಾರ ಫೋಟೋ ತೆಗೆಸಿ. ಕಾಗದಕ್ಕೆ ಇಳಿಸಿ. ಮಗುವಿನ ಕೈಗೆಟಕುವ ಎತ್ತರದಲ್ಲಿ ಹಾಕಿ. ಕಣ್ಣು ತೆರೆದಿದೆಯೇ ಎಂದು ಅಲ್ಲಿಯೇ ನಿಂತು ನೋಡಿಕೊಳ್ಳಿ. ಹೊಸ ಮದುಮಗಳು ನಾಲ್ಕು ಮಾತಾಡಿ ನಗಿಸಲಿ ಎಂದು ಮೇಡಂ ಮೈಕ್ ಕೊಟ್ಟಿದ್ದರು. ನನ್ನಿಂದ ಆಗಲಿಲ್ಲ. ಅಮ್ಮನನ್ನು ನೆನೆದಾಗೆಲ್ಲ ಎರಡು ಕಣ್ಣು ಪ್ರೀತಿಯಿಂದ ನನ್ನನ್ನು ನೋಡುತ್ತವೆ. ಅವು ಯಾರವೆಂದು ನನಗೆ ಗೊತ್ತಿಲ್ಲ.

ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ಧನ್ಯವಾದ. ನಮಸ್ಕಾರ.