ಪೂರ್ವದ ಅಂಚಿನ ಗೆರೆ

ಅಧ್ಯಕ್ಷತೆ ವಹಿಸಿರುವ ನಾಗರತ್ನ ಅವರೇ, ಈ ಹೊಸ ಹಾಸ್ಟೆಲ್ ಕಟ್ಟಿಸಿದ ಗುತ್ತಿಗೆದಾರ ರಘು ಅವರೇ, ಅತಿಥಿಗಳೇ, ಮುಂದೆ ಜಮಖಾನದ ಮೇಲೆ ಕುಳಿತಿರುವ ಹೆಣ್ಣುಮಕ್ಕಳೇ, ಹೆಡತಲೆ, ಬಿಳಿಗೆರೆ ಕಡೆಯಿಂದ ಬಂದಿರುವ ಸಭಿಕರೇ,

ಪಕ್ಷಿಧಾಮದ ನಕ್ಷೆ ಬರೆದ ನಿವೃತ್ತ ಸರ್ವೆಯರ್, ಆ ನಕ್ಷೆಯಿಂದಲೇ ನಮಗೆ ಈ ಜಾಗ ಸಿಕ್ಕಿತು ಎಂದು ನನ್ನನ್ನು ಹೊಗಳಿ ಶಾಲು ಹೊದಿಸಿದ್ದೀರಿ. ನಾನು ಬೆವರುವುದನ್ನು ಕಂಡು ಯಾರೋ ಫ್ಯಾನು ನನ್ನ ಕಡೆ ತಿರುಗಿಸಿದರು. ಸೆಕೆಯಲ್ಲ ಸ್ವಾಮಿ, ಹೆದರಿಕೆ.

ಬೈಯಬೇಕೆಂದೇ ಬಂದವನು ನಾನು. ಹಕ್ಕಿಗಳ ಕೆರೆಗೂ ನಮ್ಮ ಹೊಲಗಳಿಗೂ ನಡುವಿನ ಈ ಜೌಗನ್ನು ಮುಟ್ಟಬಾರದೆಂದು ಸರ್ಕಾರವೇ ಕಾಯ್ದಿಟ್ಟಿದೆ. ಏಕೆ? ತಲೆತಲಾಂತರದಿಂದ ಜೊಂಡು ಕೊಳೆತು, ಪದರದ ಮೇಲೆ ಪದರ ಕೂತು, ನಡುವೆ ಗುಡ್ಡೆಯಂತೆ ಉಬ್ಬಿದ ನೆಲ ಅದು. ಹೊಲದ ಗೊಬ್ಬರದ ನೀರು ಕುಡಿಯುತ್ತದೆ, ನಮ್ಮ ಗದ್ದಲ ತಡೆಯುತ್ತದೆ, ಗೂಡುಗಳನ್ನು ಉಳಿಸುತ್ತದೆ. ಅಂಥದರ ಮೇಲೆ ಮಣ್ಣು ಸುರಿದು ಎರಡಂತಸ್ತು ಎಬ್ಬಿಸಿದ್ದೀರಲ್ಲ, ಯಾರನ್ನು ಕೇಳಿದಿರಿ? ಮೂರು ಕಚೇರಿಗಳಲ್ಲಿ ವಿಚಾರಿಸಿದೆ. ಮೂರೂ ಕಡೆ ಒಂದೇ ಕಾಗದ ತೋರಿಸಿದರು: ‘ಗಟ್ಟಿ ನೆಲ, ಜೌಗಿನ ಹೊರಗೆ.’ ಕೆಳಗಿನ ಸಹಿ ನನ್ನದು.

ಮೂವತ್ತು ವರ್ಷದ ಹಿಂದಿನ ಮಾತು. ಪೂರ್ವದ ಅಂಚು ಅಳೆಯುವ ದಿನ ಎಮ್ಮೆ ಮೇಯಿಸುತ್ತಿದ್ದ ಮರಿತಾಯಮ್ಮ ದಾರಿ ತೋರಿಸಲು ಬಂದಳು. ಜೌಗಿನಲ್ಲಿ ಎಮ್ಮೆಯನ್ನು ಮುಂದೆ ಬಿಟ್ಟು, ಅದು ಕಾಲಿಟ್ಟಲ್ಲೇ ಕಾಲಿಡುವುದು ಎಮ್ಮೆ ಮೇಯಿಸುವವರ ರೂಢಿ. ಎಮ್ಮೆ ಒಂದು ಕಡೆ ನಿಂತುಬಿಟ್ಟಿತು. ನಾನು ಕೋಲು ಚುಚ್ಚಿದೆ. ಆಳುದ್ದದ ಕೋಲು ಸದ್ದಿಲ್ಲದೆ ಪೂರ್ತಿ ಇಳಿದುಹೋಯಿತು.

“ಏನ್ ಸಾ, ಎಮ್ಮೆಗಿಂತ ಜಾಸ್ತಿ ನಡುಗ್ತಾ ಇದ್ದೀರಿ! ಸುತ್ತಾಕಂಡು ಓಗವ, ಬನ್ನಿ.”

“ಬೇಡಮ್ಮ, ಏರಿ ಮೇಲಿಂದಲೇ ಕಾಣುತ್ತೆ.”

“ಕಂಡ್ರೆ ಸಾಕಾ? ಅಳಿಯಾದ್ ಬ್ಯಾಡ್ವಾ? ಆ ಉಣಸೆಮರದ ಗಂಟ ಜೌಗೇ ಕಣ್ ಸಾ!”

ನಾನು ಅಳೆಯಲಿಲ್ಲ. ಕೆರೆ ಏರಿಯ ಮೇಲೆ ಕುಳಿತು ಕಣ್ಣಳತೆಯಲ್ಲಿ ಗಡಿಕಲ್ಲಿನಿಂದ ಗಡಿಕಲ್ಲಿಗೆ ಗೆರೆ ಎಳೆದೆ. ಮೂರು ಎಕರೆ ಜೌಗು ಕಾಗದದ ಮೇಲೆ ಗಟ್ಟಿ ನೆಲವಾಯಿತು. ನಾವೀಗ ಕುಳಿತಿರುವುದು ಆ ಮೂರು ಎಕರೆಯಲ್ಲಿ.

ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಬರೆದು ತಂದ ಭಾಷಣದಲ್ಲಿ ಇದಿಲ್ಲ.

ರಘು ಅವರೇ, ನಿಮ್ಮನ್ನು ಬೈಯಲು ನನಗೆ ಯಾವ ಬಾಯಿದೆ? ಆದರೂ ಕೇಳುತ್ತೇನೆ. ಈ ಸಭಾಂಗಣದ ಆ ಬಾಗಿಲು ಮುಚ್ಚಲು ಇಬ್ಬರು ತಳ್ಳಬೇಕಾಯಿತು, ಏಕೆ? ಆ ಕಂಬಕ್ಕೆ ಮಾತ್ರ ಇವತ್ತು ಬೆಳಿಗ್ಗೆ ಹೊಸ ಬಣ್ಣ ಏಕೆ? ಸೋಮವಾರದಿಂದ ನಲವತ್ತು ಹೆಣ್ಣುಮಕ್ಕಳು ಮಹಡಿಯಲ್ಲಿ ಮಲಗುತ್ತಾರೆಂದು ಅಧ್ಯಕ್ಷರು ಘೋಷಿಸಿದರು, ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಪ್ರಾರ್ಥನೆ ಹಾಡಿದ ಕೋಮಲಳ ಟ್ರಂಕು ಆಗಲೇ ಮೇಲಕ್ಕೆ ಹೋಗಿದೆ. ಮಲಗುವುದು ಮಕ್ಕಳು. ಯಾವುದರ ಮೇಲೆ, ಹೇಳಿ?

ನನ್ನ ಗೆರೆ ತಪ್ಪು, ಇದು ಜೌಗು, ಇಲ್ಲಿ ಯಾರೂ ವಾಸ ಮಾಡಕೂಡದು ಎಂದು ಈ ಭಾಷಣದ ಹಾಳೆಯ ಹಿಂದೆಯೇ ಬರೆದು ಸಹಿ ಹಾಕುತ್ತಿದ್ದೇನೆ. ತೆಗೆದುಕೊಳ್ಳಿ, ನಾಗರತ್ನ ಅವರೇ.

ಇನ್ನೊಂದು ಮಾತು, ಗಾಬರಿಯಾಗಬೇಡಿ. ನಾನು ಮೈಕು ಹಿಡಿದಾಗ ಆ ಕಂಬದ ಬಣ್ಣ ನುಣ್ಣಗಿತ್ತು. ಈಗ ಅದರಲ್ಲಿ ಕೂದಲೆಳೆಯಷ್ಟು ಸೀಳು ಕಾಣುತ್ತಿದೆ.

ಮಕ್ಕಳೇ, ಮೊದಲು ನೀವು ಏಳಿ. ಓಡಬೇಡಿ, ಒಬ್ಬರ ಹಿಂದೆ ಒಬ್ಬರು ಹೋಗಿ. ಚಪ್ಪಲಿ ಹುಡುಕಬೇಡಿ. ಹಿಂದಿನ ಸಾಲಿನವರು ಬಾಗಿಲು ತೆರೆದು ಹಿಡಿಯಿರಿ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದಿರಿ, ನಿಮ್ಮ ಉಪಕಾರ ದೊಡ್ಡದು. ಕೊನೆಯವರು ಹೊಸಿಲು ದಾಟುವವರೆಗೆ ನಾನು ಇಲ್ಲೇ ನಿಂತಿರುತ್ತೇನೆ. ನಮಸ್ಕಾರ, ನಡೆಯಿರಿ.