ಸೊಲ್ಲಾಪುರದಿಂದ ಬಂದ ಬೌಲರ್

ಸಂಸ್ಥಾನಗಳು ವಿಲೀನವಾದ ಮೇಲಿನ ಮೂರನೆಯ ಬೇಸಿಗೆ. ಜತ್ತದ ಬಸ್ ನಿಲ್ದಾಣದಲ್ಲಿ ಗುಡ್ಡಾಪುರದ ಮೋಟಾರಿಗೆ ಕಾಯುತ್ತಿದ್ದ ಹಾಲವ್ವನ ಪಕ್ಕದಲ್ಲೇ ಅಕ್ಕ ತಮ್ಮ ಇಬ್ಬರು ಕುಳಿತಿದ್ದರು. ತಮ್ಮ ಆಗಷ್ಟೇ ಸೊಲ್ಲಾಪುರದಿಂದ ಬಂದಿಳಿದಿದ್ದ. ಹಾಲವ್ವ ಮುಖ ಆಚೆ ತಿರುಗಿಸಿದರೂ ಅವರ ಮಾತು ಕಿವಿಗೆ ಬೀಳುತ್ತಲೇ ಇತ್ತು.

“ಮಿಲ್ಲಿನ ಟೀಮಿನವರು ತಗೊಂಡ್ರೇನೋ ಬಸಗೊಂಡ?”

“ಇಲ್ಲಕ್ಕ.”

“ಯಾಕ? ಜತ್ತದ ರಾಜರ ಟೀಮಿನ್ಯಾಗ ನಿನ್ನಂಥಾ ಬೌಲರ್ ಇಲ್ಲ ಅಂತಿದ್ರಲ್ಲ?”

“ಆ ಟೀಮು ಮುರದ ಮ್ಯಾಲೆ ರಸ್ತೇದ ಖಡಿ ಕಲ್ಲು ಒಡದ್ನಲ್ಲ, ಬಲಗೈ ರಟ್ಟಿ ಹೋಗೇತಿ. ಅಲ್ಲಿ ನಾ ಒಗದ ಚೆಂಡು ವಿಕೆಟ್ ತನಕಾನೂ ಮುಟ್ಟಲಿಲ್ಲ.”

“ಎಣ್ಣಿ ಹಚ್ಚಿ ತಿಕ್ಕಿದ್ರ ಆರಾಮ ಆಗ್ತೈತಿ.”

“ಡಾಕ್ಟರ್‌ಗೆ ತೋರಿಸಿದ್ನಿ. ಇನ್ನ ಆಗೂದಿಲ್ಲ ಅಂದ್ರು.”

ಅಕ್ಕ ಅವನ ರಟ್ಟೆ ಮುಟ್ಟಿ ನೋಡಿದಳು.

“ಮಂದಿ ನಕ್ಕರೇನೋ?”

“ನಕ್ಕಿದ್ರ ಚಲೋ ಇತ್ತು. ಯಾರೂ ಮಾತೇ ಆಡಲಿಲ್ಲ.”

“ಅವ್ವಗ ಏನ ಹೇಳ್ಲಿ? ನಿನಗ ಮಿಲ್ಲಿನ್ಯಾಗ ನೌಕರಿ ಸಿಕ್ಕೇ ಬಿಟ್ಟೈತಿ ಅಂತ ಓಣಿಗೆಲ್ಲಾ ಸಕ್ಕರಿ ಹಂಚ್ಯಾಳ.”

“ರಜಾ ಮ್ಯಾಲೆ ಬಂದಾನ ಅಂತ ಹೇಳು.”

“ಎಷ್ಟ ದಿನದ ರಜಾ ಅನ್ಲಿ?”

ಅಷ್ಟರಲ್ಲಿ ಕರಜಗಿಯ ಮೋಟಾರು ಬಂತು. ಬಸಗೊಂಡ ಎದ್ದು ಹತ್ತಿದ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಅವನ ಹಿಂದೆ ನಡೆದಳು.